ಅವರ ಪರವಾಗಿ ನಾನು ಕೊಟ್ಟ ಉತ್ತರ

ನನ್ನ ಬಾಯಿ ದೊಡ್ಡದು. ಸುಮ್ಮನೆ ಹೇಳಿಕೊಳ್ಳುತ್ತಿಲ್ಲ, ಕೃಷ್ಣಮೂರ್ತಿಪುರಂನ ನಮ್ಮ ರಸ್ತೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಸೊಪ್ಪಿನವನು ನಮ್ಮ ಗೇಟಿನ ಮುಂದೆ ಬಂದಾಗ ದನಿ ತಗ್ಗಿಸುತ್ತಾನೆ. ನಮ್ಮನೆಯವರು ಅದಕ್ಕೆ ತದ್ವಿರುದ್ಧ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸಿದೆ. ಟೈಲರ್ ಹತ್ತಿರ "ಸೊಂಟ ಸ್ವಲ್ಪ ಸಡಿಲ ಇರಲಿ" ಅನ್ನುವವಳು ನಾನು. ಹೋಟೆಲಿನಲ್ಲಿ "ಅವರಿಗೆ ಖಾರ ಬೇಡಪ್ಪ" ಅನ್ನುವವಳು ನಾನು. ಡಾಕ್ಟರು ಅವರನ್ನು ನೋಡಿ "ಏನಾಗ್ತಿದೆ?" ಅಂತ ಕೇಳಿದರೆ ನಾನು ಶುರು ಹಚ್ಚಿಕೊಳ್ಳುತ್ತಿದ್ದೆ, ಅವರು ಅಂಗಿ ಗುಂಡಿ ನೋಡಿಕೊಂಡು ಕೂತಿರುತ್ತಿದ್ದರು. ನಮ್ಮಮ್ಮನೂ ಹಾಗೇ, ನನ್ನ ಅತ್ತೆಯೂ ಹಾಗೇ. ಗಂಡಸರಿಗೆ ತಮ್ಮ ಮೈಯಲ್ಲಿ ಏನಾಗುತ್ತಿದೆ ಅನ್ನುವುದು ಹೆಂಡತಿ ಹೇಳಿದ ಮೇಲೆ ಗೊತ್ತಾಗುವುದು ಅಂತ ನಾವೆಲ್ಲ ನಂಬಿಕೊಂಡು ಬಂದವರು.

ಹಾಗೆ ಅವರ ಪರವಾಗಿ ಒಂದು ದಿನ ಒಂದು ಉತ್ತರ ಕೊಟ್ಟೆ. ಅದು ಅವರ ಜೀವಕ್ಕೇ ಎರವಾಯಿತು. "ಹಂಗೆಲ್ಲ ಅಂದ್ಕೋಬೇಡಿ ಅಮ್ಮ" ಅಂತ ಡಾಕ್ಟರು ಹೇಳುತ್ತಾರೆ. ಅಂದುಕೊಳ್ಳದೆ ಇರುವುದಕ್ಕೆ ಏನಾದರೂ ಮಾತ್ರೆ ಬರೆದುಕೊಡಲಿ ನೋಡೋಣ.

ಅವರದು ಮಂಡಿ ಮೊಹಲ್ಲಾದಲ್ಲಿ ಬುಕ್ ಬೈಂಡಿಂಗ್ ಅಂಗಡಿ. ಅಂಗಡಿ ಅಂದರೆ ಒಂದು ಕೋಣೆ. ಒಂದು ಕಡೆ ಕಾಗದದ ರೀಮುಗಳು, ಇನ್ನೊಂದು ಕಡೆ ರಟ್ಟು, ನಡುವೆ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಮೂಲೆಯಲ್ಲಿ ಮೈದಾ ಅಂಟಿನ ಡಬ್ಬ. ಕಾಲೇಜು ಹುಡುಗರ ಥೀಸಿಸ್ಸುಗಳಿಗೆ ಬಂಗಾರದ ಅಕ್ಷರ ಕೂರಿಸುತ್ತಿದ್ದರು, ಲೈಬ್ರರಿಯವರ ಹರಿದ ಪುಸ್ತಕಗಳನ್ನು ಹೊಲಿದು ಹೊಸದು ಮಾಡುತ್ತಿದ್ದರು. ಅಷ್ಟು ವರ್ಷ ರೀಮು ಎತ್ತಿ, ಪ್ರೆಸ್ಸಿನ ಚಕ್ರ ತಿರುಗಿಸಿ, ಅರವತ್ತು ದಾಟುವ ಹೊತ್ತಿಗೆ ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಒಂದು ಉಬ್ಬು ಬಂತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ ಬರುತ್ತಿತ್ತು. ಹರ್ನಿಯಾ ಅಂದರು. ಅವರು ಹೊಟ್ಟೆಗೆ ಬೆಲ್ಟು ಬಿಗಿದುಕೊಂಡು ಎರಡು ವರ್ಷ ತಳ್ಳಿದರು. ಕೊನೆಗೊಂದು ದಿನ ಉಬ್ಬು ಒಳಗೆ ಹೋಗಲೇ ಇಲ್ಲ. ಒತ್ತಿ ಒತ್ತಿ ಹೇಗೋ ಒಳಗೆ ಕಳಿಸಿದ ಸರ್ಜನ್ನರು, "ಮುಂದಿನ ಸಲ ಕರುಳು ಸಿಕ್ಕಿಹಾಕ್ಕೊಂಡ್ರೆ ಕಷ್ಟ ಆಗುತ್ತೆ, ಬೇಗ ಆಪರೇಷನ್ ಮಾಡಿಸ್ಕೊಂಡ್ಬುಡಿ" ಅಂದರು. ಒಂದು ಗಂಟೆಯ ಕೆಲಸ, ಮೂರನೇ ದಿನ ಮನೆ, ತಿಂಗಳು ಬಿಟ್ಟು ಅಂಗಡಿ. ನಮ್ಮ ಲೆಕ್ಕ ಇಷ್ಟೇ ಇತ್ತು.

ಆಪರೇಷನ್‌ಗೆ ಎರಡು ದಿನ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು ನೋಡಬೇಕು ಅಂತ ಕರೆಸಿದರು. ಮಗಳ ವಯಸ್ಸಿನ ಹುಡುಗಿ. ಬಹಳ ಸಮಾಧಾನದಿಂದ ಒಂದೊಂದೇ ಕೇಳಿದಳು. ಸಕ್ಕರೆ ಇದೆಯಾ, ಬಿಪಿ ಇದೆಯಾ, ಹಲ್ಲು ಅಲ್ಲಾಡುತ್ತಾ. ಎಲ್ಲಕ್ಕೂ ನಾನು ಹೇಳಿದೆ. ಆಮೇಲೆ ಇಸಿಜಿ ಪಟ್ಟಿ ಹಿಡಿದುಕೊಂಡು, "ಇದರಲ್ಲಿ ಸಣ್ಣದೊಂದು ವ್ಯತ್ಯಾಸ ಇದೆ. ವಯಸ್ಸಿಗೂ ಇರಬಹುದು. ಅದಕ್ಕೇ ಕೇಳ್ತಿದೀನಿ, ನಿಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತೋಕಾಗುತ್ತಾ? ಉಸಿರು ಕಟ್ಟುತ್ತಾ, ಎದೆ ಹಿಡಿದಂಗಾಗುತ್ತಾ?" ಅಂದಳು.

ನಾನು ನಕ್ಕುಬಿಟ್ಟೆ. "ಎರಡು ಮಹಡಿ ಯಾವ ಮೂಲೆಗೆ ಡಾಕ್ಟ್ರೇ! ಪ್ರತಿ ಭಾನುವಾರ ಬೆಟ್ಟ ಹತ್ತಿ ಇಳಿದು ಬಂದು ಆಮೇಲೆ ತಿಂಡಿಗೆ ಕೂರೋರು ಇವರು."

ನಮ್ಮೂರಲ್ಲಿ ಬೆಟ್ಟ ಅಂದರೆ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು. ಮೈಸೂರಿನಲ್ಲಿ ಗಂಡಸರ ಆರೋಗ್ಯ ಅಳೆಯುವುದೇ ಅದರಿಂದ. "ಇನ್ನೂ ಬೆಟ್ಟ ಹತ್ತುತ್ತಾರಾ?" ಅಂತ ಕೇಳುತ್ತಾರೆ, ಹೌದು ಅಂದರೆ ಮುಗಿಯಿತು, ಆಸಾಮಿ ಗಟ್ಟಿ. ಆ ಡಾಕ್ಟರೂ ಈ ಊರಿನ ಹುಡುಗಿಯೇ ಇರಬೇಕು. ಅವಳ ಮುಖ ಅರಳಿತು. "ಸಾವಿರ ಮೆಟ್ಟಿಲೂನಾ ಸರ್?" ಅಂತ ಅವರನ್ನೇ ಕೇಳಿದಳು. ಅವರು ನನ್ನ ಮುಖ ನೋಡಿದರು. ಬಾಯಿ ತೆರೆದರು ಅಂತಲೂ ನನಗೆ ನೆನಪು. "ಹೇಳ್ರೀ, ನಾಚಿಕೆ ಏನು" ಅಂದೆ ನಾನು. ಅವರು ತಲೆ ಆಡಿಸಿದರು. "ಹಂಗಾದ್ರೆ ಹೃದಯದ ಎಕೋ ಸ್ಕ್ಯಾನ್ ಏನೂ ಬೇಕಾಗಲ್ಲ ಅನ್ಸುತ್ತೆ. ಅನುಮಾನ ಇದ್ರೆ ಹೇಳಿ, ಮಾಡಿಸ್ಬುಡೋಣ" ಅಂದಳು ಅವಳು. "ಅಯ್ಯೋ, ಏನೂ ಅನುಮಾನ ಇಲ್ಲಮ್ಮ" ಅಂದೆ. ಆಸ್ಪತ್ರೆಯಿಂದ ಹೊರಗೆ ಬಂದು ಆಟೋ ಹತ್ತುವಾಗ ನನಗೆ ಒಳಗೊಳಗೇ ಹೆಮ್ಮೆ. ಥೂ ನನ್ನ ಜನ್ಮಕ್ಕೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸರ್ಜನ್ನರು ಹೊರಗೆ ಬಂದು, ಜಾಲರಿ ಕೂರಿಸಿ ಹೊಲಿಗೆ ಹಾಕಿದ್ದೀವಿ ಅಂತ ಕೈಸನ್ನೆಯಲ್ಲೇ ತೋರಿಸಿದರು. ಮಾರನೇ ದಿನ ಅವರು ಎದ್ದು ನಾಲ್ಕು ಹೆಜ್ಜೆ ನಡೆದರು, ಗಂಜಿ ಕುಡಿದರು. ರಾಮಕೃಷ್ಣನಗರದಿಂದ ಮಗಳು ಬಂದು ಅಪ್ಪನಿಗೆ ಗಡ್ಡ ಮಾಡಿದಳು. ಅಂಗಡಿಯಲ್ಲಿ ಅರ್ಧಕ್ಕೆ ಬಿಟ್ಟಿದ್ದ ಲೈಬ್ರರಿ ಪುಸ್ತಕಗಳ ಬಗ್ಗೆ ಅವರು ಅವಳ ಹತ್ತಿರ ಮಾತಾಡಿದರು. ಇಷ್ಟೇನಾ ಆಪರೇಷನ್ನು ಅಂದುಕೊಂಡೆ ನಾನು.

ಅದರ ಮರುದಿನ ಮಧ್ಯಾಹ್ನ ಊಟದ ಹೊತ್ತು. ಅವರು ಚಮಚ ಕೆಳಗಿಟ್ಟು, "ಯಾಕೋ ಹೊಟ್ಟೆ ಮೇಲೆ ಕಲ್ಲು ಇಟ್ಟಂಗಿದೆ ಕಣೆ" ಅಂದರು. ಹೊಟ್ಟೆ ಆಪರೇಷನ್ ಆದವರು ಹೊಟ್ಟೆ ಅಂದರೆ ಯಾರಿಗೆ ಏನು ಅನ್ನಿಸುತ್ತೆ? ಗಾಳಿ ತುಂಬಿಕೊಂಡಿದೆ ಅಂದುಕೊಂಡೆ. ಬಿಸಿನೀರು ಕುಡಿಸಿದೆ. ಬೆನ್ನು ನೀವಿದೆ, ಅಂಗಿಯೆಲ್ಲ ಒದ್ದೆ. ಫ್ಯಾನು ಜೋರು ಮಾಡಿದೆ. "ಮೈಯೆಲ್ಲ ಬೆವರು ನೋಡಿ, ಮಲಗಿ ಮಲಗಿ ಹಿಂಗಾಗಿದೆ, ಎದ್ದು ಓಡಾಡ್ರೀ ಸ್ವಲ್ಪ" ಅಂತ ಗದರಿದೆ ಬೇರೆ. ಪಾಪ, ಏಳೋಕೆ ನೋಡಿದರು ಅವರು. ಅಷ್ಟರಲ್ಲಿ ಮಾತ್ರೆ ಕೊಡಲು ಬಂದ ನರ್ಸಮ್ಮ ಅವರ ಮುಖ ನೋಡಿದವಳೇ ಟ್ರೇ ಹಾಗೇ ಹಾಸಿಗೆ ಮೇಲೆ ಇಟ್ಟು ಓಡಿದಳು. ಆಮೇಲೆ ಎಷ್ಟು ಜನ ಬಂದರು, ಯಾರು ನನ್ನನ್ನು ಹೊರಗೆ ನಿಲ್ಲಿಸಿದರು, ಒಂದೂ ಸರಿಯಾಗಿ ನೆನಪಿಲ್ಲ. ಅವರ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಗಾಲಿಮಂಚ ತಳ್ಳಿಕೊಂಡು ಹೋಗುವಾಗ ಅವರ ಎದೆಯೊಳಗೆ ಅನ್ನ ಕುದಿಯುವ ಹಾಗೆ ಗೊರಗೊರ ಸದ್ದು ಬರುತ್ತಿತ್ತು.

ಸಂಜೆ ಹೃದಯದ ಡಾಕ್ಟರು ಮಗಳನ್ನೂ ನನ್ನನ್ನೂ ಕರೆದು ಕೂರಿಸಿಕೊಂಡರು. ಆಪರೇಷನ್ ಆದ ಮೇಲೆ ಹಾರ್ಟ್ ಅಟ್ಯಾಕ್ ಆಗಿದೆ, ಬಹುಶಃ ನಿನ್ನೆಯಿಂದಲೇ ಶುರುವಾಗಿದೆ, ನೋವಿನ ಔಷಧಿ ನಡೀತಿದ್ದರಿಂದ ಎದೆನೋವು ಗೊತ್ತಾಗಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂದರು. ನನಗೆ ಅರ್ಥವೇ ಆಗಲಿಲ್ಲ. ಹೊಟ್ಟೆ ಹೊಲಿದರೆ ಹೃದಯ ಯಾಕೆ ಕೆಡಬೇಕು? ಅದನ್ನೇ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಮ್ಮ, ಆಪರೇಷನ್ ಅನ್ನೋದು ಹೃದಯಕ್ಕೂ ಒಂದು ದೊಡ್ಡ ಕೆಲಸ. ಗಟ್ಟಿ ಇದ್ದಿದ್ರೆ ತಡ್ಕೊಳ್ತಿತ್ತು. ನಿಮ್ಮ ಯಜಮಾನರ ರಕ್ತನಾಳಗಳು ಇವತ್ತು ನಿನ್ನೆ ಕಟ್ಟಿರೋದಲ್ಲ. ವರ್ಷದ ಹಿಂದಿನಿಂದಾನೇ ನಡೆಯುವಾಗ ಏದುಸಿರು ಬಂದಿರಬೇಕು."

"ಸಾಧ್ಯವೇ ಇಲ್ಲ" ಅಂದೆ. "ಹೋದ ತಿಂಗಳವರೆಗೂ ಬೆಟ್ಟ ಹತ್ತಿದಾರೆ ಸ್ವಾಮಿ ಅವರು!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ಹೃದಯ ಇಟ್ಕೊಂಡು ಬೆಟ್ಟ ಹತ್ತೋಕಾಗಲ್ಲ ಅಮ್ಮ" ಅಂದರು.

ಕಾರಿಡಾರಿನಲ್ಲಿ ನಮ್ಮನೆಯವರ ಗೆಳೆಯ ಕೂತಿದ್ದ. ನಮ್ಮ ಹಿಂದಿನ ರಸ್ತೆಯವನು, ಅಂಚೆ ಕಚೇರಿಯಲ್ಲಿದ್ದು ರಿಟೈರಾದವನು. ಇಪ್ಪತ್ತು ವರ್ಷದಿಂದ ಭಾನುವಾರ ಇಬ್ಬರೂ ಜೊತೆಯಲ್ಲೇ ಬೆಟ್ಟಕ್ಕೆ ಹೋಗುತ್ತಿದ್ದವರು. ಸಾಕ್ಷಿ ಸಿಕ್ಕಿದ ಹಾಗಾಯಿತು ನನಗೆ. "ಬಾಪ್ಪ, ಒಳಗೆ ಬಂದು ಆ ಡಾಕ್ಟರಿಗೆ ನೀನೇ ಹೇಳು. ನಮ್ಮನೆಯವರು ಬೆಟ್ಟ ಹತ್ತಿಲ್ಲ ಅಂತಾರೆ ಅವರು" ಅಂದೆ. ಅವನು ಎದ್ದು ನಿಂತ, ಮತ್ತೆ ಕೂತ. ತಲೆ ಎತ್ತಲಿಲ್ಲ.

"ಅತ್ತಿಗೆ, ಅವನು ಹತ್ತುತ್ತಾ ಇರ್ಲಿಲ್ಲ."

ಮೊದಮೊದಲು ಮೆಟ್ಟಿಲ ದಾರಿಯ ನಡುವೆ ಸಿಗುವ ದೊಡ್ಡ ನಂದಿಯವರೆಗೆ ಹತ್ತಿ ಅಲ್ಲೇ ಕೂರುತ್ತಿದ್ದರಂತೆ. ಆಮೇಲೆ ನೂರು ಮೆಟ್ಟಿಲಿಗೇ ಎದೆ ಹಿಡಿಯುತ್ತಿತ್ತಂತೆ. ಒಂದು ವರ್ಷದಿಂದ ಬಸ್‌ ಸ್ಟ್ಯಾಂಡಿಗೆ ಹೋಗಿ ಬೆಟ್ಟದ ಬಸ್ಸು ಹತ್ತಿ, ಬಸ್ಸಿನಲ್ಲೇ ಇಳಿದು ಬರುತ್ತಿದ್ದರಂತೆ. ದೇವಸ್ಥಾನದಲ್ಲಿ ಕುಂಕುಮ ಕಟ್ಟಿಸಿಕೊಂಡು, ಮನೆಗೆ ಬೇಗ ಬಂದರೆ ನನಗೆ ಅನುಮಾನ ಬರುತ್ತದೆ ಅಂತ ಹೊತ್ತು ಕಳೆಯಲು ಎಲ್ಲೋ ಕಾಫಿ ಕುಡಿದು ಪೇಪರು ಓದಿ ಬರುತ್ತಿದ್ದರಂತೆ.

"ನನಗ್ಯಾಕೋ ಹೇಳ್ಲಿಲ್ಲ ನೀನು?" ಅಂತ ಅವನ ಮೇಲೆ ಎಗರಿದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇಪ್ಪತ್ತು ವರ್ಷ ನನ್ನ ಕೈ ಅಡಿಗೆ ಉಂಡಿದೀಯ, ಒಂದು ಮಾತು ಹೇಳೋಕೆ ನಿನ್ನ ನಾಲಿಗೆ ಬಿದ್ದೋಗಿತ್ತಾ?"

"ಆಣೆ ಹಾಕಿಸ್ಕೊಂಡಿದ್ದ ಅತ್ತಿಗೆ. ನೀವು ಮದುವೆ ಮನೇಲಿ, ಮುಂಜಿ ಮನೇಲಿ, ಎಲ್ಲಿ ಹೋದ್ರೂ ಹೇಳ್ಕೊಳ್ತೀರಲ್ಲ, ನಮ್ಮನೆಯವರು ಬೆಟ್ಟ ಹತ್ತುತ್ತಾರೆ ಅಂತ. 'ಅವಳಿಗೆ ಹೆಮ್ಮೆ ಅಂತ ಇರೋದು ಅದೊಂದೇ ಕಣೋ, ಅದನ್ನೂ ಹೆಂಗೆ ಕಿತ್ಕೊಳ್ಳಲಿ' ಅಂತಿದ್ದ."

ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಹೌದು, ಹೇಳಿಕೊಳ್ಳುತ್ತಿದ್ದೆ. ನನ್ನ ಅಕ್ಕನ ಗಂಡನಿಗೆ ಕಾರಿತ್ತು, ದೊಡ್ಡ ಮನೆಯಿತ್ತು, ಕೋಲು ಊರಿಕೊಂಡು ಓಡಾಡುತ್ತಿದ್ದ. ನಮಗೇನಿತ್ತು? ಅಂಟಿನ ವಾಸನೆಯ ಅಂಗಿ ಹಾಕಿಕೊಂಡು ಬಂದು ಪಂಕ್ತಿಯ ಕೊನೆಯಲ್ಲಿ ಕೂರುವ ಗಂಡ. ಅದಕ್ಕೇ ಬೆಟ್ಟ ಹಿಡಿದುಕೊಂಡಿದ್ದೆ. ಅಕ್ಕನ ಗಂಡ ಕೋಲು ಹುಡುಕುವ ಹೊತ್ತಿಗೆ ಸರಿಯಾಗಿ ನೋಡಿಕೊಂಡು ಆ ಮಾತು ತೆಗೆಯುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ಎಷ್ಟು ಸಲ ಹೇಳಿದ್ದಳೋ.

ಕಣ್ಣು ಇದ್ದಿದ್ದರೆ ನನಗೇ ಗೊತ್ತಾಗಬೇಕಿತ್ತು. ಮೊದಲೆಲ್ಲ ಭಾನುವಾರ ಅವರ ಬನಿಯನ್ನು ಹಿಂಡಿದರೆ ಬೆವರು ತೊಟ್ಟಿಕ್ಕುತ್ತಿತ್ತು. ಒಂದು ವರ್ಷದಿಂದ ಒಣಗಿಕೊಂಡೇ ಬರುತ್ತಿತ್ತು. ಒಗೆಯುವವಳು ನಾನೇ. ಚಳಿ ಅಂದುಕೊಂಡೆ. ಬೇಸಿಗೆ ಬಂದಾಗ ಏನಂದುಕೊಂಡೆನೋ ದೇವರಿಗೇ ಗೊತ್ತು. ಸಂಡಿಗೆ ಒಣಹಾಕಲು ಮಹಡಿ ಮೇಲೆ ಬನ್ನಿ ಅಂದರೆ ಮೊಣಕಾಲು ನೋವು ಅನ್ನುತ್ತಿದ್ದರು. "ಬೆಟ್ಟ ಹತ್ತೋ ಕಾಲಿಗೆ ನಮ್ಮನೆ ಮಹಡಿ ನೋವಾಗುತ್ತಾ? ಸೋಮಾರಿತನ" ಅಂತ ನಾನೇ ಹಂಗಿಸಿದ್ದೀನಿ. ಎರಡು ದಿಂಬು ಇಟ್ಟುಕೊಂಡು ಮಲಗಲು ಶುರು ಮಾಡಿದಾಗ, ರಾಜನ ಹಾಗೆ ಮಲಗಬೇಕಾ ಅಂತ ನಕ್ಕಿದ್ದೀನಿ. ಮೂವತ್ತಾರು ವರ್ಷ ಅವರ ಪರವಾಗಿ ಮಾತಾಡಿದವಳಿಗೆ ಅವರ ಮೈ ಹೇಳುತ್ತಿದ್ದುದು ಒಂದೂ ಕೇಳಿಸಲಿಲ್ಲ.

ಸ್ಟೆಂಟ್ ಹಾಕಿದರು. ಹಾಳಾದ ಭಾಗ ಹಾಳಾಗಿಯೇ ಹೋಗಿತ್ತು, ಅದು ಮತ್ತೆ ಬರುವುದಿಲ್ಲ ಅಂದರು. ಬೈಪಾಸ್ ಮಾಡಿದರೆ ಮೇಜಿನ ಮೇಲೇ ಹೋಗಬಹುದು, ಅದು ಬೇಡ ಅಂದರು. ಮೂರು ವಾರ ಬಿಟ್ಟು ಮನೆಗೆ ಕಳಿಸಿದರು. ಹೊರಡುವ ಮುಂಚೆ ಅದೇ ಹೃದಯದ ಡಾಕ್ಟರು ಮಗಳನ್ನೂ ನನ್ನನ್ನೂ ಹೊರಗೆ ಕರೆದು, ಹೃದಯಕ್ಕೆ ಇನ್ನು ಶಕ್ತಿ ಇಲ್ಲ, ಔಷಧಿಯಲ್ಲಿ ಎಷ್ಟು ದಿನ ನಡೆಯುತ್ತದೋ ಅಷ್ಟು, ತಿಂಗಳುಗಳ ಮಾತು ಅಂದರು. ಮಗಳು ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. "ಅಪ್ಪನಿಗೆ ಹೇಳೋದು ಬೇಡಮ್ಮ. ಅಂಗಡಿ ತೆಗೀತೀನಿ ಅಂತ ಆಸೆ ಇಟ್ಕೊಂಡಿದಾರೆ, ಇರ್ಲಿ ಬಿಡು" ಅಂದಳು. ನನಗೂ ಹಾಗೇ ಅನ್ನಿಸಿತು. ಹೊಟ್ಟೆಯ ಗಾಯವೇನೋ ಚೆನ್ನಾಗಿ ಒಣಗಿತ್ತು. ಹೊಲಿಗೆ ಬಿಚ್ಚುವಾಗ ಸರ್ಜನ್ನರು, ಇಷ್ಟು ನೀಟಾಗಿ ಕೂಡಿಕೊಂಡಿದೆ ಅಂತ ಮೆಚ್ಚಿಕೊಂಡರು. ನನಗೆ ಕಿರುಚಬೇಕು ಅನ್ನಿಸಿತು.

ನಡುಮನೆಯಲ್ಲಿ ಮಂಚ ಹಾಕಿದೆವು. ಉಪ್ಪಿಲ್ಲದ ಸಾರು, ಅಳತೆಯ ನೀರು. ಬೆಳಿಗ್ಗೆ ತುಂಬಿಟ್ಟ ಒಂದು ಬಾಟಲಿ, ಕಾಫಿ ಮಜ್ಜಿಗೆ ಸೇರಿ ದಿನಕ್ಕೆ ಅಷ್ಟೇ. ಬಾಯಿ ಒಣಗಿ ನಾಲಿಗೆ ಅಂಟುತ್ತಿದ್ದರೂ ಕೇಳುತ್ತಿರಲಿಲ್ಲ ಪುಣ್ಯಾತ್ಮರು. ಕಾಲು ಊದಿ ಒತ್ತಿದರೆ ಬೆರಳು ಮೂಡುತ್ತಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕಿತ್ತು. ಹಾಗಿದ್ದೂ ಬೆಳಿಗ್ಗೆ ಹೊತ್ತು ಸ್ವಲ್ಪ ಗೆಲುವಾಗಿದ್ದಾಗ, ಆ ಲೈಬ್ರರಿ ಪುಸ್ತಕಗಳಿಗೆ ಹಸಿರು ಬಟ್ಟೆ ಹಾಕಬೇಕು, ಪ್ರೆಸ್ಸಿಗೆ ಎಣ್ಣೆ ಬಿಡಬೇಕು, ತಿಂಗಳು ಕಳೆಯಲಿ ಅನ್ನುತ್ತಿದ್ದರು. "ಹೂಂ, ಕಳೀಲಿ, ಅದಕ್ಕೇನಂತೆ" ಅನ್ನುತ್ತಿದ್ದೆ ನಾನು.

ನಾನು ಬಹಳ ಮೆತ್ತಗಾಗಿಬಿಟ್ಟಿದ್ದೆ. ಬೇಕು ಅಂತ ಆದದ್ದಲ್ಲ. ಅವರು ಮಾತ್ರೆ ಕೆಳಗೆ ಬೀಳಿಸಿದರೆ ಸುಮ್ಮನೆ ಎತ್ತಿಕೊಡುತ್ತಿದ್ದೆ. ಸಾರು ಚೆಲ್ಲಿಕೊಂಡರೆ "ಪರವಾಗಿಲ್ಲ ಬಿಡಿ" ಅನ್ನುತ್ತಿದ್ದೆ. ಆ ಬಸ್ಸಿನ ವಿಷಯ ನನಗೆ ಗೊತ್ತಾಗಿದೆ ಅಂತ ಅವರಿಗೆ ಹೇಳಲೇ ಇಲ್ಲ. ಹೇಳಿದರೆ ನನ್ನ ಉತ್ತರದ ಮಾತೂ ಬರುತ್ತದೆ. ತಪ್ಪಾಯಿತು ಅನ್ನಬೇಕು ಅಂತ ದಿನಾ ಅವರ ಮಂಚದ ಹತ್ತಿರ ಹೋಗುತ್ತಿದ್ದೆ, ಹೊದಿಕೆ ಸರಿಮಾಡಿ ವಾಪಸ್ಸು ಬರುತ್ತಿದ್ದೆ.

ಒಂದು ಮಧ್ಯಾಹ್ನ. ಮಗಳು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಕಾಫಿ ತಂದುಕೊಟ್ಟೆ. ಅವರ ಕೈಯಿಂದ ಲೋಟ ಜಾರಿತು, ಕಾಫಿಯೆಲ್ಲ ಹೊಸ ಹೊದಿಕೆಯ ಮೇಲೆ. ಮಗಳ ಮದುವೆಯಲ್ಲಿ ಬಂದದ್ದು, ಯಾರಿಗೂ ಹೊದೆಯಲು ಕೊಡದೆ ಪೆಟ್ಟಿಗೆಯಲ್ಲಿಟ್ಟಿದ್ದೆ. ನಾನು ಏನೂ ಅನ್ನದೆ ಬಟ್ಟೆ ತಂದು ಒರೆಸಲು ಶುರು ಮಾಡಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಬೈಯೇ" ಅಂದರು.

"ಏನು?"

"ಒಂದು ಸಲ ಬೈಯೇ ನನ್ನ. ಆಸ್ಪತ್ರೆಯಿಂದ ಬಂದಾಗಿಂದ ನೋಡ್ತಿದೀನಿ, ಒಂದು ಮಾತೂ ಬೈದಿಲ್ಲ ನೀನು. ನನಗೆ ಭಯ ಆಗುತ್ತೆ ಕಣೆ." ಅಷ್ಟು ಹೇಳುವಷ್ಟರಲ್ಲಿ ಮೂರು ಸಲ ಉಸಿರು ತೆಗೆದುಕೊಂಡರು. ಆದರೂ ನಗಲು ನೋಡಿದರು.

ನನಗೂ ಗೊತ್ತಾಯಿತು, ಈಗ ಬೈಯಬೇಕು ಅಂತ. ಕಣ್ಣು ಕಾಣಲ್ವೇನ್ರೀ, ಇಷ್ಟು ವಯಸ್ಸಾಯ್ತು ಒಂದು ಲೋಟ ಹಿಡಿಯೋಕೆ ಬರಲ್ವಾ, ನಿಮ್ಮನ್ನು ಕಟ್ಟಿಕೊಂಡು ನಾನು ಕೆಟ್ಟೆ. ಮೂವತ್ತಾರು ವರ್ಷ ಬಾಯಿಪಾಠವಾಗಿದ್ದ ಮಾತುಗಳು. ಅವುಗಳಲ್ಲಿ ಯಾವುದಾದರೂ ಒಂದು ಹೊರಗೆ ಬಂದಿದ್ದರೂ ಸಾಕಿತ್ತು. ಬಾಯಿ ತೆರೆದೆ. "ನಿಮಗೇನು..." ಅಂದೆ, ಮುಂದಕ್ಕೆ ಬರಲಿಲ್ಲ. ಮತ್ತೆ ಪ್ರಯತ್ನಪಟ್ಟೆ. ಆ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಅವರ ಮುಖ ನೋಡುತ್ತಾ ನಿಂತೇ ಇದ್ದೆ.

ಅವರ ಮುಖದ ಮೇಲಿನ ನಗು ನಿಧಾನಕ್ಕೆ ಹೋಯಿತು. ನನ್ನ ಮುಖವನ್ನೇ ನೋಡಿದರು. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದ್ದನ್ನೆಲ್ಲ ಅವರು ಅಲ್ಲಿ ಓದಿಕೊಂಡರು.

"ಸರಿ ಬಿಡು" ಅಂದರು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹೊದಿಕೆಯನ್ನು ತಾವೇ ಎರಡು ಸಲ ಒರೆಸಿದರು. ಆಮೇಲೆ ಅಡಿಗೆಮನೆ ಕಡೆ ತಿರುಗಿ ಮಗಳನ್ನು ಕರೆದರು. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು.

"ನನ್ನ ಪ್ಯಾಂಟಿನ ಜೇಬಲ್ಲಿ ಅಂಗಡಿ ಬೀಗದ ಕೈ ಇದೆಯಮ್ಮ. ನಾಳೆ ಹೋಗಿ ಮಾಲೀಕರಿಗೆ ಕೊಟ್ಟುಬಿಡು. ಲೈಬ್ರರಿ ಪುಸ್ತಕ ಅವರವರಿಗೆ ವಾಪಸ್ಸು ಮಾಡಿ, ಆಗಲಿಲ್ಲ ಅಂತ ಹೇಳು."

ಅವಳು ನನ್ನ ಕಡೆ ನೋಡಿದಳು. ನಾನು ಗೂಟದಿಂದ ಪ್ಯಾಂಟು ತೆಗೆದು, ಬೀಗದ ಕೈ ಅವಳ ಅಂಗೈಯಲ್ಲಿಟ್ಟೆ. ಅದಾದ ಮೇಲೆ ಅವರು ಹದಿನೇಳು ದಿನ ಇದ್ದರು.